ನಾಲ್ಕು ತಾಸಿನ ಗಟ್ಟಿಮೇಳ

ಮದುವೆಯ ಮಾತುಕತೆಯಲ್ಲಿ ಜಾತಕ ಕೂಡಿಬಂದ ಮೇಲೆ ಈಗ ಕೂಡಿಬರಬೇಕಾದದ್ದು ಡಿಜೆಯವರ ತಾರೀಖು. ಕಲ್ಯಾಣ ಮಂಟಪ ಸಿಗದಿದ್ದರೆ ಊರಾಚೆಯ ರೆಸಾರ್ಟ್ ಇದೆ, ಪುರೋಹಿತರಿಗೆ ಬಿಡುವಿಲ್ಲದಿದ್ದರೆ ಅವರ ತಮ್ಮನ ಮಗನಿದ್ದಾನೆ; ಆದರೆ ಡಿಜೆಯವರು ಸಿಗದಿದ್ದರೆ ಮುಹೂರ್ತವನ್ನೇ ಮುಂದಕ್ಕೆ ಹಾಕುವುದು ಲೇಸೆಂಬ ಅಭಿಪ್ರಾಯ ಎರಡೂ ಕಡೆಯ ಬೀಗರಲ್ಲಿ ಸಮಾನವಾಗಿರುವುದರಿಂದ, ಸೀರೆಯ ಅಂಚಿನಿಂದ ಹಿಡಿದು ಹೋಳಿಗೆಯ ಹೂರಣದವರೆಗೆ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದ ಎರಡು ಮನೆತನಗಳನ್ನು ಒಂದುಗೂಡಿಸಿದ ಕೀರ್ತಿ ನ್ಯಾಯವಾಗಿ ಅವರಿಗೇ ಸಲ್ಲಬೇಕು.

ಬರಿಯ ಡಿಜೆ ಸಾಕೆನ್ನುವ ಕಾಲವೂ ಈಗ ಹೋಯಿತು. ಅದು ಹಿಂದಿನ ಬೀದಿಯವರ ಮದುವೆಯಲ್ಲಿಯೂ ಇತ್ತು ಎಂಬ ಒಂದೇ ಕಾರಣಕ್ಕೆ ಗೌರವ ಕಳೆದುಕೊಂಡಿದೆ. ಈಗ ಬೇಕಾದದ್ದು 'ಡಿಜೆ ವಿತ್ ಲೈವ್'. ಎಂದರೆ ಡಿಜೆಯವರ ಪಕ್ಕದಲ್ಲಿ ಒಬ್ಬ ವಯೊಲಿನ್ ವಾದಕ, ಒಬ್ಬ ಸ್ಯಾಕ್ಸೋಫೋನ್ ವಾದಕ, ಮುಂದೆ ನಾಲ್ಕು ಚೆಂಡೆಗಳು, ಅರಿಶಿನ ಶಾಸ್ತ್ರಕ್ಕೆ ಪಂಜಾಬಿನ ಢೋಲು. ದರಪಟ್ಟಿ ಬಹಳ ಶಾಸ್ತ್ರೋಕ್ತವಾಗಿರುತ್ತದೆ. ಸ್ಯಾಕ್ಸೋಫೋನ್ ನಿಂತಲ್ಲೇ ನುಡಿದರೆ ಒಂದು ದರ, ವಧುವಿನ ಹಿಂದೆ ನಡೆದು ಬಂದರೆ ಇನ್ನೊಂದು. ಕಿಡಿಗಳ ಕಾರಂಜಿ ಚಿಮ್ಮಿಸುವ ಕೋಲ್ಡ್ ಪೈರೋ ಜೋಡಿಗೆ ಇಷ್ಟು, ವಧೂವರರು ಸಶರೀರವಾಗಿ ಸ್ವರ್ಗ ಸೇರಿದಂತೆ ತೋರಿಸುವ ಡ್ರೈ ಐಸಿನ ಹೊಗೆಗೆ ಇಷ್ಟು. ಮಗಳ ಮದುವೆಯ ಸಾಲ ತೀರುವ ಮೊದಲೇ ಈ ಹೊಗೆ ಕರಗಿಹೋಗುತ್ತದೆ ಎಂಬುದಷ್ಟೇ ಇದರಲ್ಲಿರುವ ಅನನುಕೂಲ.

ಆರತಕ್ಷತೆಯ ಸಾಲಿನಲ್ಲಿ ನಿಂತವರಿಗೆ ನೋಡಲು ಸಮಯ ಸಾಕಷ್ಟು ಇರುವುದರಿಂದ, ವಯೊಲಿನ್ ವಾದಕರ ಸ್ಪೀಕರ್ ತಂತಿಯನ್ನು ಕಣ್ಣಿನಲ್ಲಿಯೇ ಹಿಂಬಾಲಿಸಿ ನೋಡಬಹುದು. ವಾದ್ಯದಿಂದ ಹೊರಟ ಕಪ್ಪು ತಂತಿ ಶೇರ್ವಾನಿಯ ಬೆನ್ನ ಹಿಂದೆ ಇಳಿದು, ಸ್ಪೀಕರಿನ ಕಾಲನ್ನು ಎರಡು ಸುತ್ತು ಬಳಸಿ, ಕೊನೆಗೆ ನೆಲದ ಮೇಲೆ ಯಾವುದಕ್ಕೂ ಸಿಕ್ಕಿಕೊಳ್ಳದೆ ನಿಶ್ಚಿಂತೆಯಿಂದ ಮಲಗಿರುತ್ತದೆ. ನಡುವೆ ವರನ ದೊಡ್ಡಪ್ಪನವರು ಬಂದು ಮೆಚ್ಚುಗೆಯಿಂದ ಕೈ ನೀಡಿದರೆ, ವಾದಕರು ಕಮಾನನ್ನು ಕಂಕುಳಿಗೆ ಸಿಕ್ಕಿಸಿ ಸೌಜನ್ಯದಿಂದ ಕೈ ಕುಲುಕುತ್ತಾರೆ. ವಯೊಲಿನ್ ಮಾತ್ರ ಒಂದು ಸ್ವರವನ್ನೂ ಬಿಡದೆ ನುಡಿಯುತ್ತಲೇ ಇರುತ್ತದೆ. ದೊಡ್ಡಪ್ಪನವರು ಹಿಂತಿರುಗಿ ಬಂದು, "ಏನು ಸಾಧನೆ ರೀ, ಕೈ ತೆಗೆದರೂ ನಿಲ್ಲಲಿಲ್ಲ" ಎಂದು ದೊಡ್ಡಮ್ಮನ ಕಿವಿಯಲ್ಲಿ ಕೂಗುತ್ತಾರೆ. ಇದರಲ್ಲಿ ವಾದಕರ ತಪ್ಪೇನೂ ಇಲ್ಲ. ಅವರಲ್ಲಿ ಹಲವರು ವರ್ಷಗಟ್ಟಲೆ ಪಾಠ ಹೇಳಿಸಿಕೊಂಡವರು, ಕೇಳುವವರಿದ್ದರೆ ಕಲ್ಯಾಣಿ ರಾಗವನ್ನು ಕಣ್ಣಲ್ಲಿ ನೀರು ಬರುವಂತೆ ನುಡಿಸಬಲ್ಲವರು. ಅವರಿಂದ ಕೈ ಆಡಿಸುವುದನ್ನು ಮಾತ್ರ ಕೊಂಡುಕೊಂಡವರು ನಾವು.

ನಮ್ಮ ಸಂಪ್ರದಾಯಕ್ಕೆ ಇದು ವಿರುದ್ಧವೆಂದು ಗೊಣಗುವ ಹಿರಿಯರು ಗಟ್ಟಿಮೇಳವನ್ನು ಮರೆತಿದ್ದಾರೆ. ಮಾಂಗಲ್ಯಧಾರಣೆಯ ಕ್ಷಣದಲ್ಲಿ ಪುರೋಹಿತರು ಬೆರಳೆತ್ತಿದೊಡನೆ ನಾದಸ್ವರ ಮತ್ತು ಡೋಲು ಏಕಕಾಲಕ್ಕೆ ಮೊಳಗುವುದು, ಸೀನು, ಅಳು, ಅಪಶಕುನದ ಮಾತು ಯಾವುದೂ ವಧೂವರರ ಕಿವಿಗೆ ಬೀಳದಿರಲೆಂದು. ಡಿಜೆಯವರು ಮಾಡಿದ್ದು ಇಷ್ಟೇ: ಒಂದು ನಿಮಿಷದ ಆ ರಕ್ಷಣೆಯನ್ನು ನಾಲ್ಕು ತಾಸಿಗೆ ವಿಸ್ತರಿಸಿ, ಅಪಶಕುನದ ಮಾತಿನ ಜೊತೆಗೆ ಶಕುನದ ಮಾತೂ ಕೇಳಿಸದಂತೆ ನೋಡಿಕೊಂಡಿದ್ದಾರೆ. ಹಾಸನದಿಂದ ಎರಡು ಬಸ್ಸು ಬದಲಿಸಿ ಬಂದ ಅಜ್ಜಿ, ಇಪ್ಪತ್ತು ವರ್ಷಗಳಿಂದ ನೋಡದಿದ್ದ ಹುಡುಗನ ಗಲ್ಲ ಹಿಡಿದು, "ನೀನು ಯಾರ ಮಗನಪ್ಪಾ?" ಎಂದು ಕೇಳುತ್ತಾರೆ, ಅವನು, "ಆಯ್ತು ಅಜ್ಜಿ, ಈಗಷ್ಟೇ ಆಯ್ತು, ಪಾಯಸ ಚೆನ್ನಾಗಿತ್ತು" ಎಂದು ಕೂಗುತ್ತಾನೆ. ನಾದಿನಿಯರು ಒಬ್ಬರನ್ನೊಬ್ಬರು ಆಡಿಕೊಳ್ಳಲಾರರು, ಬೀಗರು ಕೊಂಕು ತೆಗೆಯಲಾರರು, ಒಡವೆ ಕಡಿಮೆಯಾಯಿತೆಂಬ ಮಾತು ಆಡಿದವರ ಬಾಯಲ್ಲಿಯೇ ಉಳಿಯುತ್ತದೆ. ಜಗಳವಿಲ್ಲದ ಮದುವೆಗಳ ಸಂಖ್ಯೆ ಹೆಚ್ಚಿರುವಂತೆ ತೋರುತ್ತಿದ್ದರೆ ಅದಕ್ಕೆ ಸಂಸ್ಕಾರ ಕಾರಣವಲ್ಲ, ಸಬ್‌ವೂಫರ್ ಕಾರಣ.

ಕಾನೂನು ಕೂಡ ಈ ಪುಣ್ಯಕಾರ್ಯದ ಬೆನ್ನಿಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಆದರೆ ಸಮುದಾಯ ಭವನ, ಔತಣಕೂಟದ ಸಭಾಂಗಣ ಮುಂತಾದ ಮುಚ್ಚಿದ ಆವರಣಗಳಿಗೆ ವಿನಾಯಿತಿಯುಂಟು, ಅದೂ ಒಳಗಿನವರ ನಡುವೆ ಸಂವಹನ ನಡೆಯಲೆಂದು. ಒಳಗಿನವರ ನಡುವೆ ಸಂವಹನವೆಂಬುದು ಸಂಪೂರ್ಣವಾಗಿ ನಿಂತುಹೋದ ಮೇಲೂ ಆ ವಿನಾಯಿತಿ ಅಲುಗಾಡದೆ ಉಳಿದಿರುವುದು, ಮತ್ತು ಹದಿನಾಲ್ಕು ಬಾಗಿಲುಗಳನ್ನು ತೆರೆದಿಟ್ಟ ಮಂಟಪವೂ ಮುಚ್ಚಿದ ಆವರಣವೆಂದೇ ಪರಿಗಣಿತವಾಗುವುದು ನಮ್ಮ ಔದಾರ್ಯಕ್ಕೆ ಸಾಕ್ಷಿ.

ಇದಕ್ಕಿಂತ ಸ್ವಾರಸ್ಯವಾದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು. ಧಾರ್ಮಿಕ ವಿಧಿಯ ಅಂಗವಾಗಿ ಹಾಡನ್ನು ಪ್ರಸ್ತುತಪಡಿಸಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲವೆಂದು ಹೇಳುವ ಈ ಕಲಮು, ಮದುವೆಯ ಮೆರವಣಿಗೆಯನ್ನೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳನ್ನೂ ಆ ಧಾರ್ಮಿಕ ವಿಧಿಯೊಳಗೇ ಸೇರಿಸಿದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿ, ಮದುವೆಯ ಹಾಡುಗಳಿಗೆ ರಾಯಧನ ಕೇಳಬಾರದೆಂದು ಇದನ್ನೇ ಮತ್ತೊಮ್ಮೆ ನೆನಪಿಸಿತು. ಹೀಗಾಗಿ ಸಪ್ತಪದಿಯ ಏಳು ಹೆಜ್ಜೆಗಳಿಗಿರುವ ಪಾವಿತ್ರ್ಯವೇ, ಟೈಯನ್ನು ಹಣೆಗೆ ಕಟ್ಟಿಕೊಂಡು ವರನ ಸೋದರಮಾವ ಸಂಗೀತ್ ರಾತ್ರಿಯಲ್ಲಿ ಹಾಕುವ ಎಣಿಕೆಗೆ ಸಿಗದ ಹೆಜ್ಜೆಗಳಿಗೂ ಪ್ರಾಪ್ತವಾಗಿದೆ. ಹಾಡು ಕಟ್ಟಿದವರಿಗೆ ಬಿಡಿಗಾಸಿಲ್ಲ, ನುಡಿಸಿದಂತೆ ಕಂಡವರಿಗೆ ಸಂಭಾವನೆಯುಂಟು ಎಂಬಲ್ಲಿಗೆ ಧರ್ಮ ಮತ್ತು ಅರ್ಥಗಳೆರಡರ ಲೆಕ್ಕವೂ ಚುಕ್ತಾ ಆಯಿತು.

ಕರಾವಳಿಯವರಿಗೆ ಇದನ್ನೆಲ್ಲ ನೋಡಿ ನಗು ಬಂದರೆ ತಪ್ಪಿಲ್ಲ. ನಾದಸ್ವರ ನುಡಿಸುವ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಸ್ವರವನ್ನು ಓಲಾಡಿಸುವ ಗಮಕಕ್ಕೆ ಬಗ್ಗದ ಆ ಹಿತ್ತಾಳೆಯ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿ ಕರ್ನಾಟಕ ಸಂಗೀತದ ಕಛೇರಿಗೆ ತಂದರು. ಮಂಗಳೂರು, ಉಡುಪಿಯ ಕಡೆ ಅದು ಮದುವೆಮನೆಯ ಮಂಗಳವಾದ್ಯವೇ ಆಗಿ ಎಷ್ಟೋ ಕಾಲವಾಯಿತು. ಪಂಚೆ ಉಟ್ಟು, ಶಲ್ಯ ಹೊದ್ದು, ಮಂಟಪದ ಮೂಲೆಯ ಜಮಖಾನದ ಮೇಲೆ ಕುಳಿತವರು ಅದನ್ನು ನುಡಿಸುತ್ತಾರೆ, ಯಾರೂ ಅವರ ಫೋಟೋ ತೆಗೆಯುವುದಿಲ್ಲ. ಅದೇ ವಾದ್ಯ ರಾತ್ರಿ ಎಂಟಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು, ಹೊಗೆಯ ನಡುವಿನಿಂದ ಎದ್ದು ಬಂದರೆ ಹೊಸದಾಗಿ ಆಮದಾದ ಬೆರಗಾಗುತ್ತದೆ, ಬೆಳಗಿನ ದರದ ಹಲವು ಪಟ್ಟು ತೆರಲು ಯಜಮಾನರು ಸಂತೋಷದಿಂದ ಮುಂದಾಗುತ್ತಾರೆ.

ಈ ವ್ಯತ್ಯಾಸ ವಾಲಗದವರಿಗೂ ಈಗ ತಿಳಿದಿದೆ. ಮೊನ್ನೆ ಒಂದು ಮಂಟಪದಲ್ಲಿ, ಮುಹೂರ್ತ ಮುಗಿಸಿ ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ನಾದಸ್ವರದ ಹಿರಿಯರೊಬ್ಬರನ್ನು ಸಂಜೆಯ 'ಫ್ಯೂಷನ್'ಗೆ ನಿಲ್ಲುವಂತೆ ಡಿಜೆಯವರು ಕೇಳಿಕೊಂಡರು. ಶ್ರುತಿ ಯಾವುದು ಎಂದು ಹಿರಿಯರು ವಿಚಾರಿಸಿದರು. "ನೂರಾ ಇಪ್ಪತ್ತೆಂಟು ಬಿಪಿಎಂ ಸಾರ್" ಎಂದು, ಸ್ವರದ ಬದಲು ನಿಮಿಷಕ್ಕೆ ಬೀಳುವ ತಾಳದ ಲೆಕ್ಕ ಉತ್ತರವಾಗಿ ಬಂತು. ಯಾವ ರಾಗವೆಂದು ಕೇಳಿದ್ದಕ್ಕೆ, ಅದರ ಚಿಂತೆ ಬೇಡವೆಂದೂ, ನಾದಸ್ವರ ಮೊದಲೇ ಧ್ವನಿಮುದ್ರಿಸಿದ ಟ್ರ್ಯಾಕಿನಲ್ಲಿಯೇ ಇದೆಯೆಂದೂ, ಊದುವ ಶ್ರಮವಿಲ್ಲದೆ ಬೆರಳಾಡಿಸಿದರೆ ಸಾಕೆಂದೂ ಡಿಜೆಯವರು ಬಹಳ ವಿನಯದಿಂದ ವಿವರಿಸಿದರು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, ಬಟ್ಟೆಯ ಗಂಟನ್ನು ಮತ್ತೆ ಬಿಚ್ಚುತ್ತಾ ಕೇಳಿದರು: "ಆಗಲಿ ತಮ್ಮಾ, ಸಂಭಾವನೆಯೂ ಟ್ರ್ಯಾಕಿನಲ್ಲಿಯೇ ಇದೆಯೋ, ಅದೊಂದನ್ನಾದರೂ ಕೈಗೆ ಕೊಡುತ್ತೀರೋ?"