ಊಟದ ಮೇಜಿನ ಶಾನುಭೋಗ

ಕಳೆದ ವಾರ ಹಳೇ ಕಾಗದ ತಡಕುವಾಗ ಒಂದು ಲಗ್ನಪತ್ರಿಕೆ ಸಿಕ್ಕಿತು. ಮುಂದೆ ಗಣಪತಿ, ಅರಿಶಿನ ಹಚ್ಚಿದ ಮೂಲೆ, ಮುಹೂರ್ತ ಬೆಳಿಗ್ಗೆ 10.15ರಿಂದ 11. ಹಿಂದೆ ನನ್ನ ಅಕ್ಷರ: ಇವಳು 80, ಅಮ್ಮ 71, ಪುಟ್ಟಿ 64, ನಾನು 58. ನನ್ನ 58ರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಮದುವೆಗೆ ಹೋಗಿದ್ವಾ ಇಲ್ವಾ ನೆನಪಿಲ್ಲ. ಆ ಚಿಹ್ನೆ ಯಾಕೆ ಅಂತ ಮಾತ್ರ ಚೆನ್ನಾಗಿ ನೆನಪಿದೆ. ಅದು ರೈತನ ಜಗಳ.

ಭಾನುವಾರ ಸಂಜೆ ನಮ್ಮನೆಯಲ್ಲಿ ಬೋರ್ಡ್ ಗೇಮ್ ನಡೆಯುತ್ತದೆ. ಚೌಕಾಬಾರದಂಥದ್ದಲ್ಲ. ಚೌಕಾಬಾರದಲ್ಲಿ ಅಂಕದ ಗೊಡವೆಯೇ ಇಲ್ಲ. ಕವಡೆ ಹಾಕು, ಕಾಯಿ ನಡೆಸು, ಸಿಕ್ಕಿದವರನ್ನು ಕಡಿ. ಎಲ್ಲ ಕಾಯಿಯನ್ನೂ ಮೊದಲು ಹಣ್ಣು ಮಾಡಿದವರು ಗೆದ್ದರು. ಯಾರು ಗೆದ್ದರು ಅಂತ ಕೇಳಬೇಕಾಗಿಲ್ಲ, ಮುಖ ನೋಡಿದರೆ ಸಾಕು. ಈ ಬಿಲ್ಲೆ ಜೋಡಿಸುವ, ದಾಳ ಆರಿಸುವ ಹೊಸ ಆಟಗಳು ಹಾಗಲ್ಲ. ಆಟ ಮುಗಿದಿರುತ್ತದೆ, ಗೆದ್ದವರು ಯಾರು ಅಂತ ಗೊತ್ತಿರುವುದಿಲ್ಲ. ಎಣಿಸಬೇಕು, ಕೂಡಬೇಕು, ಕಳೆಯಬೇಕು. ಒಬ್ಬರು ಬರೆದುಕೊಳ್ಳಬೇಕು. ಆ ಒಬ್ಬ ನಾನು. ಈ ಶಾನುಭೋಗಿಕೆ ಯಾರೂ ಕರೆದು ಕೊಟ್ಟದ್ದಲ್ಲ. ಮೊದಲ ದಿನ ಪೆನ್ನು ನನ್ನ ಜೇಬಿನಲ್ಲಿತ್ತು, ಅಷ್ಟೆ. ಹಳೇ ಕಾಲದ ಶಾನುಭೋಗರ ಹಾಗೆ ನನ್ನನ್ನೂ ಯಾರೂ ನಂಬುವುದಿಲ್ಲ.

ಮನೆಗೆ ಮೊದಲು ಬಂದ ಆಟ ಕಾರ್ಕಸೋನ್. ಅದು ದಕ್ಷಿಣ ಫ್ರಾನ್ಸಿನ ಒಂದು ಕೋಟೆ ಊರು. ಆಟ ಮಾಡಿದವರು ಜರ್ಮನಿಯ ಕ್ಲಾಸ್ ಯುರ್ಗೆನ್ ವ್ರೇಡೆ. 2000ದಲ್ಲಿ ಹೊರಬಂತು, ಮರುವರ್ಷ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಗಿಟ್ಟಿಸಿತು. ಆ ಊರಿಗೆ ಎರಡು ಸುತ್ತಿನ ಕೋಟೆ ಅಂತ ಅಮ್ಮನಿಗೆ ಭಾರೀ ಉತ್ಸಾಹದಲ್ಲಿ ಹೇಳಿದೆ. “ಎರಡೇನಾ? ಚಿತ್ರದುರ್ಗಕ್ಕೆ ಏಳು” ಅಂದಳು.

72 ಬಿಲ್ಲೆ. ಸರದಿ ಬಂದವರು ಒಂದು ಎತ್ತಿ, ದಾರಿಗೆ ದಾರಿ, ಊರಿಗೆ ಊರು, ಹೊಲಕ್ಕೆ ಹೊಲ ಕೂಡುವ ಹಾಗೆ ಇಡಬೇಕು. ಬೇಕಾದರೆ ಅದರ ಮೇಲೆ ತಮ್ಮದೊಂದು ಕಾಯಿ. ದಾರಿ ಮುಗಿದರೆ ಬಿಲ್ಲೆಗೊಂದು ಅಂಕ, ಊರಿನ ಗೋಡೆ ಮುಚ್ಚಿದರೆ ಬಿಲ್ಲೆಗೆರಡು. ಮಠದ ಸುತ್ತ ಎಂಟೂ ಕಡೆ ತುಂಬಿದರೆ ಒಂಬತ್ತು. ಇಷ್ಟು ಅಮ್ಮನಿಗೆ ಹತ್ತು ನಿಮಿಷದಲ್ಲಿ ಬಂತು. ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ವರ್ಷಗಟ್ಟಲೆ ಹಾಲಿನ ಲೆಕ್ಕ ಇಟ್ಟವಳಿಗೆ ಇದೆಷ್ಟರದು.

ಅಂಕದ ಹಲಗೆಯಲ್ಲಿ ಸೊನ್ನೆಯಿಂದ 49ರವರೆಗೆ ಮನೆಗಳಿವೆ. 50 ದಾಟಿದರೆ ಮತ್ತೆ ಮೊದಲಿಂದ ಸುತ್ತು. ಒಂದು ಸುತ್ತು ಮುಗಿಸಿದ ಕಾಯಿಯನ್ನು ಮಲಗಿಸಿ ಅಂತ ನಿಯಮ. ನಮ್ಮನೆಯಲ್ಲಿ ಫ್ಯಾನ್ ಗಾಳಿಗೆ ಬಿಲ್ಲೆ ಹಾರದೇ ಇರಬಹುದು, ಆದರೆ ಮೊಳಕೈ ತಾಗಿ ಕಾಯಿ ಬೀಳುವುದಂತೂ ಖಂಡಿತ. ಹೀಗಾಗಿ ಸುತ್ತು ಮುಗಿಸಿ ಮಲಗಿದ್ದು ಯಾವುದು, ಸುಮ್ನೆ ಬಿದ್ದದ್ದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಪುಟ್ಟಿಗೆ ಹೀಗೇ 50 ಅಂಕ ಪುಕ್ಕಟೆ ಬಂತು. ಮರುವಾರ ಅಮ್ಮ ಅಡುಗೆಮನೆಯಿಂದ ಒಂದು ಹಿಡಿ ಹುಣಸೆ ಬೀಜ ತಂದು ಮೇಜಿನ ಮೇಲೆ ಸುರಿದಳು. ಸುತ್ತಿಗೊಂದು ಬೀಜ. ಜಗಳ ನಿಂತಿತು. ಈಚಿನ ಪೆಟ್ಟಿಗೆಗಳಲ್ಲಿ ಇದಕ್ಕೆ ಅಂತಲೇ 50, 100 ಬರೆದ ರಟ್ಟಿನ ಚೂರು ಕೊಡುತ್ತಾರಂತೆ. ಹುಣಸೆ ಬೀಜವೇ ವಾಸಿ.

ಇನ್ನು ರೈತ. ಕಾಯಿಯನ್ನು ಹೊಲದಲ್ಲಿ ಇಟ್ಟರೆ ಅವನು ರೈತ. ಅವನನ್ನು ನಿಲ್ಲಿಸುವಂತಿಲ್ಲ, ಮಲಗಿಸಬೇಕು. ಆಟ ಮುಗಿಯುವವರೆಗೆ ಏಳುವಂತಿಲ್ಲ. ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ. “ಇದ್ಯಾವ ಸೀಮೆ ರೈತನೋ, ಉಳಲ್ಲ, ಬಿತ್ತಲ್ಲ, ಮಲಗಿದ್ದಕ್ಕೇ ಅಂಕ.” ಆದರೆ ಆಟದಲ್ಲಿ ಜಾಸ್ತಿ ರೈತರನ್ನು ಮಲಗಿಸುವವಳೂ ಅವಳೇ. ಅವನ ಹೊಲಕ್ಕೆ ತಾಗಿದ, ಗೋಡೆ ಪೂರ್ತಿ ಮುಚ್ಚಿದ ಒಂದೊಂದು ಊರಿಗೂ ಕೊನೆಯಲ್ಲಿ ಮೂರು ಅಂಕ. ಹೊಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ಹುಡುಕಬೇಕು. ಅಡ್ಡ ದಾರಿ ಬಂದರೆ ಹೊಲ ಎರಡು ಭಾಗ. ತಾಲೂಕು ಕಚೇರಿಯ ಸರ್ವೆಗಿಂತ ಕಷ್ಟ. ಸಾಲದ್ದಕ್ಕೆ ನಿಯಮವೂ ಬದಲಾಗಿದೆ. ಮೊದಲ ಆವೃತ್ತಿಯಲ್ಲಿ ಊರಿಗೆ ನಾಲ್ಕು ಅಂಕ. ಗೆಳೆಯನ ಮನೆಯ ಹಳೇ ಪೆಟ್ಟಿಗೆ ನೋಡಿ ಬಂದ ನಾನು ನಾಲ್ಕು ಅಂದೆ, ನಮ್ಮ ಪೆಟ್ಟಿಗೆಯ ಪುಸ್ತಕ ಮೂರು ಅಂತಿತ್ತು. ಮೂರೇ ಹಾಕಿದೆ. ಪಕ್ಕದಲ್ಲಿ ಆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದೆ.

ಅಜುಲ್ ಬಂದಾಗ ಅಮ್ಮ ಕೇಳಿದ ಮೊದಲ ಮಾತು, “ಇದು ತಿನ್ನೋದಾ?” ಬಿಲ್ಲೆಗಳು ನೋಡಲು ಪೆಪ್ಪರಮೆಂಟೇ. ಪೋರ್ಚುಗಲ್ಲಿನ ಗೋಡೆಗಳ ಹೊಳಪು ಟೈಲ್ಸ್ ನೋಡಿ ಮಾಡಿದ ಆಟ. ತಟ್ಟೆಯಿಂದ ಒಂದು ಬಣ್ಣದ್ದನ್ನೆಲ್ಲ ಎತ್ತಿಕೊಳ್ಳಬೇಕು. ಸಾಲಿನಲ್ಲಿ ಜಾಗ ಇಲ್ಲದಿದ್ದರೆ ಉಳಿದದ್ದು ನೆಲಕ್ಕೆ. ನೆಲದ ದಂಡ ಏರುತ್ತಾ ಹೋಗುತ್ತದೆ: ಒಂದು, ಒಂದು, ಎರಡು, ಎರಡು, ಎರಡು, ಮೂರು, ಮೂರು. ಏಳೂ ತುಂಬಿದರೆ 14 ಅಂಕ ಕೈಬಿಟ್ಟ ಹಾಗೆ. ಇವಳು ಆಡುವ ರೀತಿ ನೋಡಬೇಕು. ತನಗೆ ಬೇಕಾದದ್ದನ್ನು ಎತ್ತುವುದಿಲ್ಲ. ಕೊನೆಗೆ ನನಗೆ ಆ ಕೆಂಪು ರಾಶಿ ಒಂದೇ ಉಳಿಯುವ ಹಾಗೆ ಎತ್ತುತ್ತಾಳೆ. “ತಗೊಳ್ಳಿ, ನಿಮಗೇ ಅಂತ ಬಿಟ್ಟೆ” ಅನ್ನುವಾಗ ದನಿಯಲ್ಲಿ ಎಂಥಾ ಪ್ರೀತಿ! ಈ ಆಟದಲ್ಲಿ ಅವರವರ ಅಂಕ ಅವರವರ ಹಲಗೆಯ ಮೇಲೆ. ಪುಟ್ಟ ಕಪ್ಪು ತುಂಡೊಂದನ್ನು ಸರಿಸುತ್ತಾ ಹೋಗುವುದು. ಶಾನುಭೋಗನಿಗೆ ಕೆಲಸವಿಲ್ಲ. ಹಾಗಾಗಿ ನನಗೆ ಅಷ್ಟು ಇಷ್ಟವಿಲ್ಲ.

ಸಗ್ರಾಡಾ ದಾಳದ್ದು. 90 ದಾಳ, ಐದು ಬಣ್ಣ, ಬಣ್ಣಕ್ಕೆ 18. ಬಣ್ಣದ ಗಾಜಿನ ಕಿಟಕಿ ಕಟ್ಟುವುದು. 20 ಮನೆ, ಒಂದೇ ಬಣ್ಣವಾಗಲಿ ಒಂದೇ ಸಂಖ್ಯೆಯಾಗಲಿ ಅಕ್ಕಪಕ್ಕ, ಮೇಲೆ ಕೆಳಗೆ ಬರಕೂಡದು. ನಾಲ್ಕು ಜನ ಇದ್ದರೆ ಸುತ್ತಿಗೆ ಒಂಬತ್ತು ದಾಳ ಉರುಳಿಸಿ, ಒಬ್ಬೊಬ್ಬರೂ ಒಂದು ಎತ್ತುತ್ತಾ ಕೊನೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರಬೇಕು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಹೋದವನು ತುದಿ ಮುಟ್ಟಿ, “ಇನ್ನೊಂದು ಬೇಕಾ?” ಅಂತ ಅಲ್ಲಿಂದಲೇ ತಿರುಗುತ್ತಾನಲ್ಲ, ಹಾಗೆ. ಕೊನೆಯಲ್ಲಿ ಕೂತವರಿಗೆ ಒಟ್ಟಿಗೇ ಎರಡು, ಮೊದಲು ಕೂತವರಿಗೆ ಎರಡನೇ ಸಲ ಚೂರುಪಾರು. ಹತ್ತು ಸುತ್ತು ಆದ ಮೇಲೆ ಖಾಲಿ ಮನೆಗೆ ಒಂದೊಂದು ಅಂಕ ಕಳೆಯಬೇಕು. ಒಬ್ಬೊಬ್ಬರದೂ ಒಂದು ಗುಟ್ಟಿನ ಬಣ್ಣ, ಆ ಬಣ್ಣದ ದಾಳಗಳ ಚುಕ್ಕಿಗಳನ್ನೆಲ್ಲ ಕೂಡಬೇಕು. ಎಂಟನೇ ಕ್ಲಾಸಿನ ಪುಟ್ಟಿ ಮನೆಗೆಲಸದ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಹುಡುಕುತ್ತಾಳೆ. ನನ್ನ ಚುಕ್ಕಿಗಳನ್ನು ಮಾತ್ರ ದೂರದಿಂದಲೇ ಬಾಯಲ್ಲಿ ಕೂಡಿ, “ಅಪ್ಪಾ, 23 ಅಲ್ಲ, 22” ಅನ್ನುತ್ತಾಳೆ.

ಹೋದ ಭಾನುವಾರ ಮತ್ತೆ ಕಾರ್ಕಸೋನ್. ಕೊನೆಗೆ ನನ್ನ ಒಬ್ಬನೇ ರೈತ ದೊಡ್ಡ ಹೊಲದಲ್ಲಿ ಹಾಯಾಗಿ ಮಲಗಿದ್ದ. ಆರು ಊರು, 18 ಅಂಕ. ನಾನು 88, ಅಮ್ಮ 86. ಇವಳು ಚಪಾತಿ ಆರುತ್ತೆ, ಮೇಜು ಖಾಲಿ ಮಾಡಿ ಅಂದಳು. ಅಮ್ಮ, “ಹಾಗೇ ಇರಲಿ, ಕೆಳಗೆ ಕೂತು ಉಂಡರಾಯ್ತು” ಅಂದಳು. ನೆಲದ ಮೇಲೆ ಕೂತು ಉಂಡೆವು. ಅವಳಿಗೆ ಮಂಡಿ ನೋವು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದೆ. ಮೇಜಿನ ದೀಪ ಉರಿಯುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು, ಬಗ್ಗಿ, ನನ್ನ ಹೊಲದ ಅಂಚಿನಲ್ಲಿ ಬೆರಳು ನಡೆಸುತ್ತಿದ್ದಳು.

“ಇಲ್ಲಿ ನೋಡು. ಈ ಊರಿನ ಗೋಡೆ ಮುಚ್ಚಿಲ್ಲ ಕಣೋ.”

ನೋಡಿದೆ. ಮೂಲೆಯ ಚಿಕ್ಕ ಊರು, ಅದರಲ್ಲಿ ಯಾರ ಕಾಯಿಯೂ ಇರಲಿಲ್ಲ. ಅದಕ್ಕೇ ಯಾರೂ ಗಮನಿಸಿರಲಿಲ್ಲ. ಒಂದು ಬಿಲ್ಲೆ ಬರಬೇಕಿದ್ದ ಕಡೆ ಖಾಲಿ. ನಮ್ಮ ಮೇಜಿನ ಪ್ಲಾಸ್ಟಿಕ್ ಹಾಸು ಹಸಿರು. ಅದನ್ನೇ ನಾನು ಹೊಲ ಅಂದುಕೊಂಡು ಗೋಡೆ ಮುಗಿದಿದೆ ಅಂತ ಎಣಿಸಿದ್ದೆ.

ಅಂಕ ಬರೆಯುವ ಪುಸ್ತಕ ತಂದು 88 ಹೊಡೆದುಹಾಕಿ 85 ಬರೆದೆ.

“ತಿದ್ದಿದ ಕಡೆ ಸಹಿ ಹಾಕು” ಅಂದಳು ಅಮ್ಮ.

ಹಾಕಿದೆ.