ಅಂಗೋರಾ ತರುವ ಮುಂಚೆ ಮಳೆಗಾಲ ನೆನಪಿರಲಿ
ಕೊಡಗಿನ ತಂಪಿಗೆ ಉಣ್ಣೆಗಾಗಿ ಸಾಕುವ ಅಂಗೋರಾ ಮೊಲ ಚೆನ್ನಾಗಿ ಒಗ್ಗುತ್ತದೆ ಎಂದು ಬರೆದಿದ್ದೀರಿ. ತಂಪೇನೋ ಸರಿ, ಆದರೆ ನಮ್ಮ ಮಡಿಕೇರಿ ಕಡೆಯ ಜುಲೈ ತಿಂಗಳ ತೇವ? ನಾನು ಎರಡು ಸಾಕಿದ್ದೆ, ದಿನ ಬಿಟ್ಟು ದಿನ ಬಾಚಿದರೂ ಹೊಟ್ಟೆಯಡಿಯ ಉಣ್ಣೆ ಒದ್ದೆ ಹತ್ತಿಯ ಹಾಗೆ ಗಂಟು ಕಟ್ಟಿ ಕೆಳಗಿನ ಚರ್ಮವೆಲ್ಲ ಕೆಂಪಾಗಿತ್ತು, ಪಾಪ. ಸುಮಾರು ಮೂರು ತಿಂಗಳಿಗೊಮ್ಮೆ ಉಣ್ಣೆ ಕತ್ತರಿಸಲೇಬೇಕು, ಇಲ್ಲದಿದ್ದರೆ ನೆಕ್ಕಿ ನುಂಗಿದ ಕೂದಲು ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಮಾಂಸಕ್ಕಾದರೆ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ತಳಿಯ ಮೊಲಗಳು ವಾಸಿ. ಗಬ್ಬ ಕಟ್ಟಿದ 31 ದಿನಕ್ಕೆಲ್ಲ ಮರಿ ಹಾಕುತ್ತವೆ. ಗೂಡು ನೆಲದಿಂದ ಮೇಲಿರಲಿ, ಒದ್ದೆ ಹುಲ್ಲು ಹಾಕಲೇಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮಕ್ಕಳ ಮುದ್ದಿಗೆ ತರುವವರು ದಯವಿಟ್ಟು ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ ಕೊಟ್ಟು ಎತ್ತಿ.