ಟಿ60ಕ್ಕೆ ಎಲ್ಲ ಕೋರ್ 2 ಡ್ಯುಯೋಗಳೂ ಹೊಂದುವುದಿಲ್ಲ
ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪಿಗೆ ಇಂಟೆಲ್‌ನ ಯಾವ ಕೋರ್ 2 ಡ್ಯುಯೋ ಪ್ರೊಸೆಸರನ್ನಾದರೂ ಕೂರಿಸಬಹುದೆಂದು ಒಂದು ಲೇಖನದಲ್ಲಿ ಬರೆದಿರುವುದಕ್ಕೆ ಒಂದು ತಿದ್ದುಪಡಿ ಅಗತ್ಯ. 2006ರ ಈ ಯಂತ್ರದಲ್ಲಿ ಪ್ರೊಸೆಸರ್ ಕೂರುವ ಗೂಡು ಸಾಕೆಟ್ ಎಂ ಮಾದರಿಯದು. ಅನಂತರ ಬಂದ ಸಾಕೆಟ್ ಪಿ ಚಿಪ್‌ಗಳಿಗೂ 478 ಪಿನ್ನುಗಳೇ ಇದ್ದರೂ ಅವುಗಳ ಜೋಡಣೆ ಬೇರೆಯಾದ್ದರಿಂದ, ಅಗ್ಗಕ್ಕೆ ಸಿಕ್ಕಿತೆಂದು ಸಾಕೆಟ್ ಪಿಯ ಟಿ7300 ತಂದವರ ಹಣ ವ್ಯರ್ಥವಾಗುತ್ತದೆ. ನಾನು ಮೊದಲು ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯಾಸ್ ನವೀಕರಿಸಿ, ಬಳಿಕ 1.83 ಗಿಗಾಹರ್ಟ್ಸ್‌ನ ಕೋರ್ ಡ್ಯುಯೋ ಟಿ2400 ತೆಗೆದು 2 ಗಿಗಾಹರ್ಟ್ಸ್‌ನ ಸಾಕೆಟ್ ಎಂ ಕೋರ್ 2 ಡ್ಯುಯೋ ಟಿ7200 ಹಾಕಿದೆ. ಫ್ಯಾನ್ ಕಳಚಿದಾಗ ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸಲು ನೆರವಾಗುವ ಹಳೆಯ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತೆ ಉದುರಿತು. ಈ ಬದಲಾವಣೆಯ ಬಳಿಕ ಬಿಸಿ ಇಳಿದದ್ದಕ್ಕೆ ಅರ್ಧ ಕಾರಣ ಹೊಸ ಪೇಸ್ಟೇ ಇರಬೇಕು. ಹಳೆಯ ಕೋರ್ ಡ್ಯುಯೋ 32 ಬಿಟ್‌ನದಾದ್ದರಿಂದ, ವೇಗಕ್ಕಿಂತಲೂ 64 ಬಿಟ್ ಲಿನಕ್ಸ್ ಓಡಿಸಲು ಸಾಧ್ಯವಾದದ್ದೇ ನಿಜವಾದ ಲಾಭ. ಆದರೆ ಪ್ರೊಸೆಸರನ್ನು ರ‍್ಯಾಮ್ ಮುಂತಾದವುಗಳಿಗೆ ಜೋಡಿಸುವ 945 ಚಿಪ್‌ಸೆಟ್‌ನ ಮಿತಿಯಿಂದಾಗಿ, 4 ಜಿಬಿ ರ‍್ಯಾಮ್ ಹಾಕಿದರೂ ಬಳಕೆಗೆ ದೊರೆಯುವುದು ಸುಮಾರು 3 ಜಿಬಿ ಮಾತ್ರ.